ತಾಯಿಯಿಲ್ಲದ ನುಡಿಯ ನೆಂಟರು

ಒಂದು ಭಾಷೆಯನ್ನು ಒಬ್ಬನೇ ಕುಳಿತು ಕಟ್ಟಬಹುದೆಂದರೆ ನಮ್ಮ ವೈಯಾಕರಣರು ನಕ್ಕಾರು. ರಷ್ಯದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ಕಣ್ಣಿನ ವೈದ್ಯ ಜಾಮೆನ್‌ಹಾಫ್ ಅದನ್ನೇ ಮಾಡಿದರು. 16 ಸೂತ್ರಗಳ ಅವರ ಕಿರುಹೊತ್ತಗೆ ಅಚ್ಚಾದದ್ದು 1887ರಲ್ಲಿ. ಅವರು ತಾಳಿದ ಗುಪ್ತನಾಮ ಎಸ್ಪೆರಾಂಟೊ, ಎಂದರೆ ಆಶಿಸುವವನು. ಮುಂದೆ ಅದೇ ಭಾಷೆಯ ಹೆಸರಾಯಿತು.

ಕನ್ನಡ ಎಂ.ಎ. ತರಗತಿಗಳಲ್ಲಿ ಕೇಶಿರಾಜನನ್ನು ಪಾಠ ಹೇಳಿದ ನನಗೆ ಈ ನುಡಿಯಲ್ಲಿ ಒಲವು ಹುಟ್ಟಿದ್ದು ಅದರ ಪ್ರತ್ಯಯಗಳಿಂದ. ಕರ್ಮಪದಕ್ಕೆ ನಮ್ಮಲ್ಲಿ 'ಅನ್ನು' ಇರುವಂತೆ ಅಲ್ಲಿ ಒಂದು 'ನ್' ಉಂಟು. ಅದು ಅಂಟಿಕೊಂಡಿತೆಂದರೆ ಪದಗಳನ್ನು ಹಿಂದುಮುಂದಾಗಿಸಿದರೂ ಅರ್ಥ ಕೆಡದು. ಒಂದು ಆಕ್ಷೇಪಣೆ ಮಾತ್ರ ಇಂದಿಗೂ ಉಳಿದಿದೆ. ತಂದೆಗೆ 'ಪಾತ್ರೊ' ಎನ್ನುವ ಈ ಭಾಷೆ, ತಾಯಿಗೆ ಬೇರೆ ಧಾತುವನ್ನೇ ಕೊಡದೆ, ಅದಕ್ಕೇ ಸ್ತ್ರೀಪ್ರತ್ಯಯ ಹಚ್ಚಿ 'ಪಾತ್ರೀನೊ' ಎಂದು ಕೈತೊಳೆದುಕೊಂಡಿದೆ. ಕೆಲವೇ ಮನೆಗಳ ಮಕ್ಕಳನ್ನು ಬಿಟ್ಟರೆ ಯಾರಿಗೂ ತಾಯ್ನುಡಿಯಲ್ಲದ ಭಾಷೆಯಲ್ಲಿ ತಾಯಿಗೇ ಸ್ವಂತ ಶಬ್ದವಿಲ್ಲ! ಇಂಥದರಲ್ಲಿ ಅಕ್ಕರೆ ಹುಟ್ಟೀತೆ? 2019ರ ಮೇ ತಿಂಗಳಲ್ಲಿ ಬಲ್ಗೇರಿಯದಲ್ಲಿ ಅಲೆದಾಡಿದಷ್ಟು ದಿನವೂ ಈ ಪ್ರಶ್ನೆ ನನ್ನ ಜೊತೆಗಿತ್ತು.

ಈ ನುಡಿ ಬಲ್ಲ ಪ್ರವಾಸಿಗೆ ಈ ನುಡಿ ಬಲ್ಲವರು ಬಾಡಿಗೆ ಕೇಳದೆ ಮನೆಯಲ್ಲಿ ಇಳಿಸಿಕೊಳ್ಳುವ ಏರ್ಪಾಡೊಂದಿದೆ. 'ಪಾಸ್ಪೋರ್ತಾ ಸೇರ್ವೊ' ಎಂಬ ಆ ವಿಳಾಸಪಟ್ಟಿ 1974ರಲ್ಲಿ ಮೊದಲಾಯಿತು. ಬಲ್ಗೇರಿಯದಲ್ಲಂತೂ ಎಸ್ಪೆರಾಂಟೊಗೆ ಹಳೆಯ ಬೇರುಗಳಿವೆ. ಅದರ ವಿಶ್ವ ಸಮ್ಮೇಳನ 1963ರಲ್ಲಿ ಸೋಫಿಯದಲ್ಲಿಯೂ 1978ರಲ್ಲಿ ಕಪ್ಪುಸಮುದ್ರದ ದಡದ ವರ್ನಾದಲ್ಲಿಯೂ ನೆರೆದಿತ್ತು.

ಸೋಫಿಯದ ನಿಲ್ದಾಣದಲ್ಲಿ ಎದೆಯ ಮೇಲೆ ಹಸಿರು ನಕ್ಷತ್ರ ಧರಿಸಿದ ವೃದ್ಧರೊಬ್ಬರು ನನ್ನನ್ನು ಎದುರುಗೊಂಡರು. ಮೊದಲ ಪಾಠ ತಲೆಯಾಡಿಸುವುದರ ಬಗ್ಗೆ. ಆ ನಾಡಿನವರು ಹೌದೆನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ಇಲ್ಲವೆನ್ನಲು ಮೇಲೆ ಕೆಳಗೆ. ನಮ್ಮ ಕಡೆಯ ತಲೆದೂಗುವಿಕೆಯನ್ನು ಕಂಡವರಿಗೆ ಇದು ತೀರ ವಿಚಿತ್ರವೆನಿಸದು. ಅವರು ಪ್ಲೋವ್‌ದಿವ್‌ನ ಗೆಳೆಯರಿಗೆ ಒಪ್ಪಿಸಿದರು. ಅವರು ರೋಮನ್ನರ ಕಾಲದ ರಂಗಮಂದಿರ ತೋರಿಸಿ ಕಜನ್ಲಕ್‌ಗೆ ಕಳುಹಿಸಿದರು. ಅಲ್ಲಿ ಗುಲಾಬಿಯ ಸುಗ್ಗಿ. ಇಬ್ಬನಿ ಆರುವ ಮುನ್ನ ಹೂ ಬಿಡಿಸಬೇಕು, ಬಿಸಿಲೇರಿದರೆ ಕಂಪು ಇಳಿಯುತ್ತದೆ. ಒಂದು ಕಿಲೋ ತೈಲಕ್ಕೆ ಮೂರು ಸಾವಿರ ಕಿಲೋಗೂ ಮೇಲ್ಪಟ್ಟು ಹೂವು ಬೇಕಂತೆ.

ಕೊನೆಯ ನಾಲ್ಕು ದಿನ ವೆಲಿಕೊ ತರ್ನೊವೊದಲ್ಲಿ. 1185ರಿಂದ 1393ರವರೆಗೆ ಇದು ರಾಜಧಾನಿ. ಯಾಂತ್ರಾ ನದಿ ಬೆಟ್ಟಗಳನ್ನು ಸುತ್ತಿ ಸುತ್ತಿ ಹರಿಯುತ್ತದೆ. ನನಗೆ ಎಡೆ ಕೊಟ್ಟವರು ಎಂಬತ್ತರ ಹತ್ತಿರದ ನಿವೃತ್ತ ಶಾಲಾ ಶಿಕ್ಷಕಿ. ಒಂದು ಸಂಜೆ ತಗಡಿನ ಪೆಟ್ಟಿಗೆಯೊಂದನ್ನು ತೆರೆದರು. ಜಪಾನು, ಬ್ರೆಜಿಲ್, ಹಾಲೆಂಡುಗಳಿಂದ ಬಂದ ಕಾಗದಗಳು. ದೇಶ ಬಿಟ್ಟು ಹೊರಡಲು ಸರ್ಕಾರದ ಅಪ್ಪಣೆ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಆ ಕಾಗದಗಳೇ ಅವರ ಪ್ರವಾಸ. 1989ರ ಬಳಿಕ ಗಡಿಗಳು ತೆರೆದವು, ಹುಡುಗರು ಇಂಗ್ಲಿಷ್ ಕಲಿತು ಹೊರಟುಹೋದರು. ಊರಿನ ಎಸ್ಪೆರಾಂಟೊ ಕೂಟಕ್ಕೆ ಈಗ ಬರುವವರು ಏಳೆಂಟು ಮಂದಿ, ಎಲ್ಲರೂ ನೆರೆಗೂದಲಿನವರು. "ನಾವಾದ ಮೇಲೆ ಬಾಗಿಲು ತೆರೆಯುವವರು ಯಾರೋ" ಎಂದು ಹೇಳಿ ಪೆಟ್ಟಿಗೆ ಮುಚ್ಚಿದರು.

ಮೇ 24 ಅಲ್ಲಿ ಅಕ್ಷರಗಳ ಹಬ್ಬ. ಸಿರಿಲ್ಲಿಕ್ ಲಿಪಿ ರೂಪು ತಳೆದದ್ದು ಬಲ್ಗೇರಿಯದ ನೆಲದಲ್ಲಿ ಎಂಬ ಹೆಮ್ಮೆ ಆ ಜನಕ್ಕಿದೆ. ದೇಶಕ್ಕೆಲ್ಲ ರಜೆ, ಸಿರಿಲ್ ಮತ್ತು ಮೆಥೋಡಿಯಸ್ ಸೋದರರ ಚಿತ್ರಗಳಿಗೆ ಹೂಮಾಲೆ, ಮಕ್ಕಳ ಮೆರವಣಿಗೆ. ಕನ್ನಡದ ಮೇಷ್ಟರಾಗಿದ್ದವನಿಗೆ ಬೇರೆ ಯಾವ ಹಬ್ಬ ಬೇಕು! ಆ ರಾತ್ರಿ ಆಕೆ ನನ್ನ ಭಾಷೆಯನ್ನು ಕೇಳಬೇಕೆಂದರು. ಬಸವಣ್ಣನವರ ವಚನವೊಂದನ್ನು ಹೇಳಿ ಎಸ್ಪೆರಾಂಟೊದಲ್ಲಿ ಬಿಡಿಸತೊಡಗಿದೆ. ತೊಡಕು ಬಂದದ್ದು 'ನೀನು' ಎಂಬಲ್ಲಿ. ಎಸ್ಪೆರಾಂಟೊದ ಬಳಕೆಯಲ್ಲಿ 'ನೀನು', 'ನೀವು' ಎರಡಕ್ಕೂ 'ವಿ' ಎಂಬುದೊಂದೇ. ದೇವರನ್ನೂ ಅಂಚೆಯವನನ್ನೂ ಒಂದೇ ಪದದಿಂದ ಕರೆಯಬೇಕು. ಆಕೆ ನಕ್ಕರು. "ನಮ್ಮಲ್ಲೂ ಎರಡಿವೆ. ಹೊರಗಿನವರಿಗೆ 'ವಿಯೆ', ಮನೆಯವರಿಗೆ 'ತಿ'." ಇಬ್ಬರ ಮನೆಯಲ್ಲೂ ಇದ್ದ ಸಂಪತ್ತು ನಡುವಿನ ಸೇತುವೆಯ ಮೇಲೆ ಇರಲಿಲ್ಲ. ಸೇತುವೆ ಇಲ್ಲದಿದ್ದರೆ ಅದು ಇದೆಯೆಂಬುದೂ ನಮಗೆ ತಿಳಿಯುತ್ತಿರಲಿಲ್ಲ.

ಹೊರಡುವ ಬೆಳಿಗ್ಗೆ ಬಸ್ ನಿಲ್ದಾಣದವರೆಗೂ ಬಂದರು. ದಾರಿಯುದ್ದಕ್ಕೂ ಎಸ್ಪೆರಾಂಟೊ. ಬಸ್ಸು ಹೊರಡುವಾಗ ನನ್ನ ಕೈ ಹಿಡಿದು ಬಲ್ಗೇರಿಯನ್ ಭಾಷೆಯಲ್ಲಿ ಏನೋ ಒಂದು ವಾಕ್ಯ ಹೇಳಿದರು. ಅದರಲ್ಲಿ ನನಗೆ ತಿಳಿದ ಪದ ಒಂದೇ, 'ತಿ'. "ಹೋಗಿಬರುತ್ತೇನಮ್ಮ" ಎಂದು ನಾನೂ ಕನ್ನಡದಲ್ಲೇ ಹೇಳಿದೆ. ಆಕೆ ತಲೆಯನ್ನು ಅಡ್ಡಡ್ಡ ಆಡಿಸಿದರು.