ಕತ್ತಲು ಹುಡುಕುವ ಮನೆ

ಮನೆ ನೋಡಲು ಹೋದವರು ಗಾಳಿ, ಬೆಳಕು ಕೇಳುತ್ತಾರೆ. ಫಿಲ್ಮ್ ತೊಳೆಯುವ ಹವ್ಯಾಸಿ ಮಾತ್ರ ಕತ್ತಲು ಎಲ್ಲಿದೆ ಅನ್ನುತ್ತಾನೆ. ಯಾದಗಿರಿ ಜಿಲ್ಲೆಯ ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಕಪ್ಪುಬಿಳುಪಿನಲ್ಲಿ ಸೆರೆಹಿಡಿದು, ಮನೆಯಲ್ಲೇ ಪ್ರಿಂಟ್ ಹಾಕಬೇಕೆಂದರೆ ಆ ಭಾಗದ, ಅಂದರೆ ಸಗರನಾಡಿನ, ಹಳೆಯ ಮಾಳಿಗೆ ಮನೆಯೇ ಸೈ. ದಪ್ಪ ಕಲ್ಲುಗೋಡೆ, ಕಿಟಕಿಯಿಲ್ಲದ ಒಳಕೋಣೆ, ಬೆಳಕಿಂಡಿ ಮುಚ್ಚಿದರಾಯಿತು. ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಒಳಗೆ ನಿಲ್ಲಿ. ಕಣ್ಣು ಹೊಂದಿಕೊಂಡ ಮೇಲೆ ಕಳ್ಳಬೆಳಕು ತಾನೇ ಸಿಕ್ಕಿಬೀಳುತ್ತದೆ.

ಕತ್ತಲಿಗಿಂತ ಕಷ್ಟದ್ದು ತಂಪು. ಕಪ್ಪುಬಿಳುಪು ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್‌ಗೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಹೇಳುತ್ತಾರೆ. ನಮ್ಮ ಬೇಸಿಗೆ 40 ದಾಟುತ್ತದೆ. ದ್ರಾವಣ ಬಿಸಿಯಾದರೆ ಫಿಲ್ಮಿನ ಜಿಲೆಟಿನ್ ಪದರ ಮೆತ್ತಗಾಗಿ ಗೀರು ಬೀಳುತ್ತದೆ. ತಗಡಿನ ಮನೆಯಂತೂ ಬೇಡವೇ ಬೇಡ. ಮಾಳಿಗೆ ಮನೆಯಲ್ಲೂ ಐಸ್ ನೀರಿನ ಪರಾತದಲ್ಲಿ ಬಾಟಲಿ ಇಡಬೇಕು, ಕೆಲಸ ನಸುಕಿನಲ್ಲೇ ಮುಗಿಸಬೇಕು. ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲಕ್ಕೆ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಗಾಜಿನ ನೆಗೆಟಿವ್‌ಗಳಲ್ಲಿ ದುಡಿದರು, ಫ್ರಿಜ್ ಇಲ್ಲದ ದಿನಗಳಲ್ಲಿ!

ಇನ್ನು ನೀರು. ಗಡಸು ಬೋರ್ ನೀರು ನೆಗೆಟಿವ್ ಮೇಲೆ ಬಿಳಿ ಕಲೆ ಉಳಿಸುತ್ತದೆ. ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ನೀರು ಇಟ್ಟುಕೊಳ್ಳಿ. ಅಡುಗೆಮನೆ ಎಷ್ಟೇ ಅನುಕೂಲವಿರಲಿ, ಚಿತ್ರವನ್ನು ಸ್ಥಿರಗೊಳಿಸುವ ರಾಸಾಯನಿಕವಾದ ಹೈಪೊ ಅಲ್ಲಿಗೆ ಒಯ್ಯಬೇಡಿ.