ಟಿಕೆಟ್ಟಿನ ಮೇಲೊಂದು ಟಿಕೆಟ್ಟು



ಭಟ್ಕಳದ ಪೇಟೆಗೆ ಗಲ್ಫ್‌ ಸಾಮಾನು ಬಂದು ಬೀಳುತ್ತಿದ್ದ ಕಾಲದಲ್ಲಿ ವಿಡಿಯೋ ಗೇಮ್ ಎಂದರೆ ಟಿವಿಗೆ ಜೋಡಿಸುವ ಡಬ್ಬ, ಅದಕ್ಕೆ ತುರುಕುವ ಕ್ಯಾಸೆಟ್. ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಕಂಪನಿಯವನಿಗೆ ಮತ್ತೆ ನಿಮ್ಮ ಜೇಬಿಗೆ ಕೈಹಾಕಲು ದಾರಿಯೇ ಇರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಆಟದ ಹೆಚ್ಚುವರಿ ಭಾಗವನ್ನು ಬೇರೆ ಸಿ.ಡಿ.ಯಲ್ಲಿ ಮಾರತೊಡಗಿದರು. ‘ಏಜ್ ಆಫ್ ಎಂಪೈರ್ಸ್ 2’ಕ್ಕೆ 2000ದಲ್ಲಿ ಹೀಗೆ 5 ಹೊಸ ನಾಗರಿಕತೆಗಳು ಸೇರಿದವು. ಅದೇ ಆಟಕ್ಕೆ 2022ರಲ್ಲಿ ಭಾರತದ ಕಂತೂ ಬಂತು, ಈ ಸಲ ಡೌನ್‌ಲೋಡ್ ರೂಪದಲ್ಲಿ. ಬಂಗಾಳಿಗಳು, ಗುರ್ಜರರ ಜೊತೆ ದ್ರಾವಿಡರೂ ಇದ್ದಾರೆ. ಅವರ ಸೈನಿಕ ಬೀಸುವುದು ಉರುಮಿ ಎಂಬ ಬಳುಕುವ ಕತ್ತಿ! ಇಂಥದ್ದಕ್ಕೆ ಬೆಲೆ ಕೇಳಿದರೆ ನನ್ನದೇನೂ ತಕರಾರಿಲ್ಲ. ಕೊಳ್ಳದವನ ಆಟ ಕುಂಟುವುದಿಲ್ಲ, ಕೊಳ್ಳುವವನಿಗೆ ಏನು ಸಿಗುತ್ತದೆಂದು ಮೊದಲೇ ಗೊತ್ತು.

ಸಣ್ಣಪುಟ್ಟ ಸೇರ್ಪಡೆಗೂ ಬೆಲೆ ಕಟ್ಟಿದ್ದಕ್ಕೆ ಗಲಾಟೆ ಎದ್ದದ್ದು 2006ರಲ್ಲಿ. ‘ಒಬ್ಲಿವಿಯನ್’ ಆಟದ ಕುದುರೆಗೆ ತೊಡಿಸುವ ಕವಚಕ್ಕೆ ಎರಡೂವರೆ ಡಾಲರ್ ಇಟ್ಟರು. ಜನ ನಕ್ಕರು, ಬೈದರು, ಕೊಂಡರೂ ಕೊಂಡರು. ಇದಕ್ಕೆ ತದ್ವಿರುದ್ಧವಾಗಿ ಪೋಲೆಂಡಿನ ಕಂಪನಿಯೊಂದು 2015ರಲ್ಲಿ ಬಂದ ತನ್ನ ‘ವಿಚರ್ 3’ಕ್ಕೆ 16 ಸಣ್ಣ ಸೇರ್ಪಡೆಗಳನ್ನು ಪುಕ್ಕಟೆ ಕೊಟ್ಟು, ಎರಡು ದೊಡ್ಡ ಕಥೆಗಳಿಗೆ ಮಾತ್ರ ದುಡ್ಡು ಕೇಳಿತು. ಮರ್ಯಾದೆಯ ವ್ಯಾಪಾರ ಎಂದರೆ ಅದು.

2017ರ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ರದ್ದು ಬೇರೆಯೇ ವರಸೆ. ಪೂರ್ತಿ ಬೆಲೆ ತೆತ್ತ ಆಟದೊಳಗೆ ಮತ್ತೆ ಲೂಟ್ ಬಾಕ್ಸ್ ಎಂಬ ಪೆಟ್ಟಿಗೆಗಳ ಮಾರಾಟ. ಒಳಗೇನಿದೆ ಎಂಬುದು ಒಡೆದ ಮೇಲೇ ಗೊತ್ತು. ಇಡಗುಂಜಿ ಕಡೆ ಯಕ್ಷಗಾನದ ಡೇರೆ ಆಟಕ್ಕೆ ಟಿಕೆಟ್ ಕೊಂಡು ಕೂತಿದ್ದೀರಿ ಎಂದುಕೊಳ್ಳಿ. ಬೆಳಗಿನ ಜಾವ ಭಾಗವತರು ತಾಳ ನಿಲ್ಲಿಸಿ, ‘ಕೀಚಕನ ವಧೆ ಆಗಬೇಕಾದರೆ ಚೀಟಿ ಎತ್ತಿ, ಅದೃಷ್ಟವಿದ್ದರೆ ಭೀಮ ಬರುತ್ತಾನೆ’ ಎಂದರೆ ಸುಮ್ಮನಿರುತ್ತೀರಾ? ಆಟಗಾರರೂ ಸುಮ್ಮನಿರಲಿಲ್ಲ. ಬಿಡುಗಡೆಯ ಮುನ್ನಾದಿನ ಕಂಪನಿ ಆ ಮಾರಾಟ ನಿಲ್ಲಿಸಿತು. ಮರುವರ್ಷ ಬೆಲ್ಜಿಯಂ ಸರ್ಕಾರ, ದುಡ್ಡು ಕೊಟ್ಟು ಒಡೆಯುವ ಇಂಥ ಪೆಟ್ಟಿಗೆಗಳು ಜೂಜೇ ಎಂದಿತು.

ಹೊನ್ನಾವರ, ಕುಮಟಾದ ಹುಡುಗರ ಮೊಬೈಲಿನಲ್ಲಿರುವ ಬಿಜಿಎಂಐ ಎಂಬ ಬಂದೂಕಿನ ಆಟ ಬಂದದ್ದು 2021ರಲ್ಲಿ. ಆಟ ಉಚಿತ. ಬಂದೂಕಿನ ಬಣ್ಣಕ್ಕೆ, ಅಂಗಿಗೆ, ಲೂಟ್ ಬಾಕ್ಸಿನಂಥದೇ ಕ್ರೇಟಿಗೆ ‘ಯುಸಿ’ ಎಂಬ ಆಟದೊಳಗಿನ ನಾಣ್ಯ ಬೇಕು. ರೂಪಾಯಿ ಯುಸಿ ಆದ ಮೇಲೆ ಖರ್ಚು ಖರ್ಚೆನಿಸುವುದಿಲ್ಲ. 18 ತುಂಬದವರು ದಿನಕ್ಕೆ 7000 ರೂಪಾಯಿಗಿಂತ ಹೆಚ್ಚು ಹಾಕುವಂತಿಲ್ಲ ಎಂದು ಬಂದಾಗಲೇ ನಿಯಮ ಸಾರಿದರು. ದಿನಕ್ಕೆ ಏಳು ಸಾವಿರ! ನಮ್ಮ ಕಡೆ ಎಷ್ಟೋ ಮನೆಗಳ ತಿಂಗಳ ದಿನಸಿ ಅದರೊಳಗೇ ಮುಗಿಯುತ್ತದೆ. ಇದನ್ನು ಮಿತಿ ಎನ್ನಲು ನನಗೆ ಬಾಯಿ ಬಾರದು.

ತಾಯಂದಿರೇ, ತಂದೆಯರೇ, ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇವತ್ತೇ ಮಾಡಿಡಿ. ಮಗ ದುಡ್ಡು ಕೇಳಿದರೆ ಗದರಬೇಡಿ, ‘ಇದಕ್ಕೆ ಏನು ಬರುತ್ತದೆ?’ ಎಂದು ಕೇಳಿ. ಅವನಿಗೇ ಗೊತ್ತಿಲ್ಲದಿದ್ದರೆ ಕೊಡಬೇಡಿ.