ಬೇಲಿಯೊಳಗಿನ ಬಾಣಂತಿ

ಮುಂಗಾರು ಹಿಡಿಯಿತೆಂದರೆ ಸಾಲಿಗ್ರಾಮದ ಸುತ್ತಲಿನ ಗದ್ದೆಗಳಲ್ಲಿ ಯಾರಿಗೂ ಬಿಡುವಿಲ್ಲ. ಅದೇ ಹೊತ್ತಿಗೆ ಗದ್ದೆಯಂಚಿನ ಬೇಲಿಯಲ್ಲೂ ಕೆಲಸ ಭರದಿಂದ ಸಾಗಿರುತ್ತದೆ. ಅಲ್ಲಿ ಹಕ್ಕಿಗಳು ಗೂಡು ಕಟ್ಟುತ್ತಿರುತ್ತವೆ.

ಟುವ್ವಿ ಹಕ್ಕಿಯನ್ನೇ ನೋಡಿ. ಹತ್ತು ಗ್ರಾಂ ತೂಗಿದರೆ ಹೆಚ್ಚು. ಅಗಲವಾದ ಒಂದು ಎಲೆಯನ್ನೋ ಅಕ್ಕಪಕ್ಕದ ಎರಡು ಎಲೆಗಳನ್ನೋ ಆರಿಸಿ, ಅಂಚಿನಲ್ಲಿ ಕೊಕ್ಕಿನಿಂದ ಸಣ್ಣ ತೂತು ಕೊರೆಯುತ್ತದೆ. ಹತ್ತಿ, ನಾರು, ಜೇಡರ ಬಲೆಯ ಎಳೆಯನ್ನು ಅದರಲ್ಲಿ ತೂರಿಸಿ ಅಂಚಿಗೆ ಅಂಚು ಕೂಡಿಸುತ್ತದೆ. ಹೊರಬಂದ ಎಳೆಯ ತುದಿ ಹಿಂಜಿ ಉಬ್ಬಿಕೊಂಡು, ಜಾರದಂತೆ ನಿಲ್ಲುತ್ತದೆ. ತೊಟ್ಟು ಕಡಿಯದ ಕಾರಣ ಎಲೆ ಹಸಿರಾಗಿಯೇ ಉಳಿಯುತ್ತದೆ. ಒಳಗೆ ಮೆತ್ತನೆಯ ಹಾಸಿನ ಮೇಲೆ ಮೊಟ್ಟೆಗಳು. ಹೊರಗೆ ಕಾಣುವುದು ಬರಿಯ ಎಲೆ.

ಪಿಕಳಾರ ಪೊದೆಯ ಕವಲಿನಲ್ಲಿ ಕಡ್ಡಿ, ಬೇರು ಹೆಣೆದು ಗೂಡು ಕಟ್ಟುತ್ತದೆ. ಸೂರಕ್ಕಿ ತನ್ನ ತೂಗುಗೂಡಿನ ಹೊರಮೈಗೆ ತೊಗಟೆಯ ಚೂರು, ಒಣ ಎಲೆ, ಹುಳುವಿನ ಹಿಕ್ಕೆ ಅಂಟಿಸುತ್ತದೆ. ನೋಡಿದವರು ಕೊಂಬೆಗೆ ಸಿಕ್ಕಿಕೊಂಡ ಕಸವೆಂದು ಮುಂದೆ ಹೋಗಬೇಕು. ಮರಿಗಳ ಹಿಕ್ಕೆಯನ್ನೂ ತಾಯ್ತಂದೆ ಕೊಕ್ಕಿನಲ್ಲಿ ಕಚ್ಚಿ ದೂರ ಒಯ್ದು ಹಾಕುತ್ತವೆ. ಕೆಂಬೂತ, ಓತಿಕ್ಯಾತ, ಹಾವು, ಬೆಕ್ಕು, ಇಷ್ಟು ಮಂದಿಯ ಕಣ್ಣು ತಪ್ಪಿಸಬೇಕಲ್ಲ!

ಆದರೆ ಮಚ್ಚಿನ ಮುಂದೆ ಈ ಜಾಣ್ಮೆ ನಡೆಯದು. ಕಲ್ಲುಕಂಬ, ತಂತಿ ಬಂದಲ್ಲೆಲ್ಲ ಹಸಿರುಬೇಲಿ ಹೋಗುತ್ತಿದೆ. ಇನ್ನು ಕೆಲವರು ಅಕ್ಕರೆಯಿಂದಲೇ ಕೆಡುಕು ಮಾಡುತ್ತಾರೆ. ಮೊಬೈಲಿನಲ್ಲಿ ಫೋಟೊ ಹಿಡಿಯಲೆಂದು ಎಲೆ ಸರಿಸಿದರೆ, ಮರೆ ಹೋದ ಗೂಡು ಕಾಗೆಯ ಕಣ್ಣಿಗೆ ಬೀಳುತ್ತದೆ. ಬಾಣಂತಿಯ ಕೋಣೆಗೆ ಹೇಳದೆ ಕೇಳದೆ ನುಗ್ಗುವವರು ನಾವಲ್ಲ. ಆ ಸಂಕೋಚ ಬೇಲಿಯ ಬಾಣಂತಿಯ ಬಗ್ಗೆಯೂ ಇರಲಿ. ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ಕೈಹಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯೆಂದೇ ಎಣಿಸುತ್ತದೆ.

ಈ ಹಕ್ಕಿಗಳು ಮರಿಗಳಿಗೆ ಉಣಿಸುವುದು ಹೆಚ್ಚಾಗಿ ಹುಳುಹುಪ್ಪಟೆಯನ್ನೇ. ಅದರಿಂದ ನಮ್ಮ ಬೆಳೆಗೂ ಲಾಭ. ಬೇಲಿ ಸವರುವ ಮೊದಲು ಒಂದು ಗಳಿಗೆ ನಿಂತು ನೋಡಿ. ಹುಳು ಕಚ್ಚಿಕೊಂಡ ಹಕ್ಕಿ ಅದೇ ಪೊದೆಯ ಸುತ್ತ ಸುಳಿಯುತ್ತಿದ್ದರೆ ಒಳಗೆ ಮರಿಗಳಿವೆ. ಮೊಟ್ಟೆಯಿಟ್ಟಂದಿನಿಂದ ಮರಿ ಹಾರುವ ತನಕ ಸುಮಾರು ನಾಲ್ಕು ವಾರ. ಅಷ್ಟು ದಿನ ಆ ಪೊದೆಯೊಂದನ್ನು ಬಿಟ್ಟುಬಿಡಿ. ಬೇಲಿಯನ್ನು ಆಮೇಲೆ ಸವರಬಹುದು.